ಎಣ್ಣೆ ಕಾಣದ ಫಿರೋಜಾ

ಫಿರೋಜಾ ಹರಳಿಗೆ ಎಣ್ಣೆ ಆಗುವುದಿಲ್ಲ. ಅರಿಷಿಣ ಆಗುವುದಿಲ್ಲ. ಸಾಬೂನಿನ ನೀರು ಆಗುವುದಿಲ್ಲ. ಬೆಂಕಿಯಂತೂ ಆಗುವುದೇ ಇಲ್ಲ. ಇಷ್ಟು ನೆನಪಿಟ್ಟುಕೊಂಡರೆ ಅದು ಮಳೆ ಹೊಳವಾದ ಮರುದಿನದ ಆಕಾಶದ ಹಾಗೆ ತಿಳಿನೀಲಿಯಾಗಿ ಉಳಿಯುತ್ತದೆ. ಇಲ್ಲದಿದ್ದರೆ ಹಸಿರಾಗುತ್ತದೆ. ಮೊದಲು ಅಂಚು, ಆಮೇಲೆ ನಡು, ಕೊನೆಗೆ ಬೆಳಗದೆ ಬಿಟ್ಟ ತಾಮ್ರದ ತಂಬಿಗೆಯ ಕಿಲುಬಿನ ಬಣ್ಣ. ಒಮ್ಮೆ ಹಸಿರಾದದ್ದು ಮತ್ತೆ ನೀಲಿಯಾಗುವುದಿಲ್ಲ. ಇದರಲ್ಲಿ ಗುಟ್ಟೇನೂ ಇಲ್ಲ. ಆ ಕಲ್ಲಿನ ಮೈ ಸುಟ್ಟ ಹಂಚಿನ ಹಾಗೆ, ಹೊರಗಿನದನ್ನು ಒಳಗೆ ಹೀರಿಕೊಳ್ಳುತ್ತದೆ. ಲಿಂಗಸುಗೂರು, ಮಸ್ಕಿ, ಸಿಂಧನೂರು ಈ ಮೂರು ಊರಿನ ಗಿರಾಕಿಗಳಿಗೆ ಇಷ್ಟು ಸರಳವಾದ ಮಾತನ್ನು ತಿಳಿಸಲು ನಾನು ಪಟ್ಟ ಪಾಡನ್ನು ಇಲ್ಲಿ ಬರೆಯುತ್ತಿದ್ದೇನೆ. ತಿಳಿಸಲು ಆಗಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ನಾನು ಪತ್ತಾರಿಕೆ, ಅಂದರೆ ಅಕ್ಕಸಾಲಿಗನ ಕೆಲಸ, ಕಲಿತದ್ದು ಲಿಂಗಸುಗೂರಿನಲ್ಲಿ, ನನ್ನ ಸೋದರಮಾವನ ಅಂಗಡಿಯಲ್ಲಿ. ಮುಂದೆ ಅವನ ಮಗಳೇ ನನ್ನ ಹೆಂಡತಿಯಾದಳು. ಮಾವನ ಅಂಗಡಿಯಲ್ಲಿ ಪ್ರತಿಯೊಂದಕ್ಕೂ ಕ್ರಮವಿತ್ತು. ಸ್ನಾನವಾಗದೆ ಒಲೆ ಹೊತ್ತಿಸುವಂತಿಲ್ಲ. ಕಸ ಹೊರಗೆ ಗುಡಿಸುವಂತಿಲ್ಲ, ಒಳಗೇ ಗುಡಿಸಿ ಮಡಕೆಗೆ ತುಂಬಬೇಕು, ಏಕೆಂದರೆ ಆ ಧೂಳಿನಲ್ಲಿ ಬೆಳ್ಳಿ ಇರುತ್ತದೆ. ಕೈ ತೊಳೆದ ನೀರನ್ನೂ ಚೆಲ್ಲುವಂತಿಲ್ಲ. ಬೆಳ್ಳಿ ಬಡಿಯುವ ಅಡಿಗಲ್ಲು ಎದುರಿಗೆ, ಚಿಮಟ ಎಡಕ್ಕೆ, ಅರಗಳು ಬಲಕ್ಕೆ, ಊದುಗೊಳವೆ ಮೊಣಕಾಲಿನ ಹತ್ತಿರ. ಕಣ್ಣು ಮುಚ್ಚಿ ಕೈ ಚಾಚಿದರೆ ಬೇಕಾದದ್ದು ಬೆರಳಿಗೆ ಸಿಗಬೇಕು. ಸಿಗದಿದ್ದರೆ ಮಾವ ಬೈಯುತ್ತಿರಲಿಲ್ಲ, ಕೆಲಸ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದ. ಬೈಗುಳವೇ ಎಷ್ಟೋ ವಾಸಿ ಅನಿಸುತ್ತಿತ್ತು. ಇಂದಿಗೂ ನನ್ನ ಮೇಜಿನ ಮೇಲೆ ಕನ್ನಡಕ ಎಡಕ್ಕೆ, ಪೆನ್ನು ಬಲಕ್ಕೆ. ಮೊಮ್ಮಕ್ಕಳು ಅದಲುಬದಲು ಮಾಡಿಟ್ಟರೆ ಆ ಹೊತ್ತು ಬರೆಯುವುದೇ ಆಗುವುದಿಲ್ಲ.

ಅಲ್ಲಿ ಆಗುತ್ತಿದ್ದ ಕೆಲಸ ಮೂರೇ ಬಗೆ. ಲಿಂಗದ ಕರಡಿಗೆ, ಕಾಲುಂಗುರ, ಉಡದಾರ. ಗಿರಾಕಿಗಳು ಬೇರೆಯದನ್ನು ಕೇಳುತ್ತಿರಲಿಲ್ಲ, ಮಾವ ಬೇರೆಯದನ್ನು ತೋರಿಸುತ್ತಿರಲಿಲ್ಲ. ಬೆಳ್ಳಿಯನ್ನು ತಂತಿ ಎಳೆದು, ಬಾಗಿಸಿ, ಬೆಸೆದು, ಹುಣಸೆಹುಳಿಯಲ್ಲಿ ಕುದಿಸಿ, ಅಂಟವಾಳಕಾಯಿ ನೊರೆಯಲ್ಲಿ ಉಜ್ಜಿ ಕೊಡುವುದು. ಕೆಲಸ ಚೊಕ್ಕ. ಆದರೆ ವರ್ಷಗಟ್ಟಲೆ ಅದನ್ನೇ ಮಾಡಿದ ಮೇಲೆ ನನ್ನ ಕೈ ನನ್ನನ್ನು ಕೇಳದೆಯೇ ಕೆಲಸ ಮಾಡತೊಡಗಿತ್ತು. ಅದು ನನಗೆ ಬೇಸರ ತಂದಿತ್ತು.

ಎಂಬತ್ತರ ದಶಕದ ನಡುವಿನ ಮಾತು. ಮುದಗಲ್ಲಿನಿಂದ ಒಬ್ಬ ಹಿರಿಯ ಸಾಹೇಬರು ತಮ್ಮ ಉಂಗುರ ತಂದರು. ಅತ್ತರು ಮಾರುವವರು, ಅವರು ಬಂದು ಹೋದ ಮೇಲೂ ಅಂಗಡಿ ಘಮಘಮ ಅನ್ನುತ್ತಿತ್ತು. ಬೆಳ್ಳಿಯ ಉಂಗುರ, ಮೇಲೆ ಅವರೆಕಾಳಿನಷ್ಟು ದೊಡ್ಡ ಫಿರೋಜಾ. ಬೆರಳು ಬಳಸುವ ಬೆಳ್ಳಿಯ ಸುತ್ತು ಬಿರುಕು ಬಿಟ್ಟಿತ್ತು. ಮಾವ ಎಂದಿನ ಹಾಗೆ ಬಿಳಿಗಾರ ಹಚ್ಚಿ, ಬೆಸುಗೆ ಇಟ್ಟು, ಊದಿದ. ಚಟ್ ಅಂತ ಸಣ್ಣ ಸದ್ದಾಯಿತು. ಹರಳು ಕಂದು ಬಣ್ಣಕ್ಕೆ ತಿರುಗಿ ಎರಡು ಹೋಳಾಗಿ ನಿಂತಿತ್ತು.

ಮಾವನ ಕೈಯಲ್ಲಿ ಕೆಲಸ ಕೆಟ್ಟದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅವನು ಊದುಗೊಳವೆ ಕೆಳಗಿಟ್ಟು, "ಈ ಕಲ್ಲು ನಮ್ಮ ಕೆಲಸದ್ದಲ್ಲ," ಅಂದ. ಸಾಹೇಬರು ಸಿಟ್ಟಾಗಲಿಲ್ಲ. "ಹೈದರಾಬಾದಿನಾಗ ಸಿಗ್ತದ. ಹುಡುಗನ್ನ ಕಳಸ್ರಿ," ಅಂದರು. ಹುಡುಗ ಅಂದರೆ ನಾನು, ಆಗಲೇ ಮದುವೆಯಾಗಿದ್ದವನು. ರಾಯಚೂರಿಗೆ ಹೋಗಿ ರೈಲು ಹತ್ತಿದೆ. ಹೈದರಾಬಾದಿನ ಹರಳಿನ ಓಣಿಯಲ್ಲಿ ವ್ಯಾಪಾರಿಯೊಬ್ಬ ಬಿಳಿ ಬಟ್ಟೆಯ ಮೇಲೆ ಫಿರೋಜಾ ಸುರಿದ. ನಾನು ಅಲ್ಲಿಯವರೆಗೆ ಮುಟ್ಟಿದ್ದೆಲ್ಲ ಬಿಳಿ ಬೆಳ್ಳಿ, ಕರಿ ಇದ್ದಿಲು, ಕೆಂಪು ಬೆಂಕಿ. ಆ ನೀಲಿಯನ್ನು ನೋಡಿ ಸಾಹೇಬರ ಒಂದು ಹರಳಿನ ಜೊತೆಗೆ ನನಗೊಂದು ಹಿಡಿ ತೆಗೆದುಕೊಂಡೆ. ಆ ವ್ಯಾಪಾರಿಯೇ ಎಣ್ಣೆ, ಸಾಬೂನು, ಬೆಂಕಿಯ ಮಾತನ್ನು ನನಗೆ ಹೇಳಿದ್ದು. ನಾನು ಒಮ್ಮೆ ಕೇಳಿ ನೆನಪಿಟ್ಟುಕೊಂಡೆ. ಎಲ್ಲರೂ ಹಾಗೇ ನೆನಪಿಟ್ಟುಕೊಳ್ಳುತ್ತಾರೆ ಎಂದುಕೊಂಡದ್ದೇ ಮುಂದಿನ ಎಲ್ಲ ತಾಪತ್ರಯಕ್ಕೆ ಮೂಲ.

ಮಸ್ಕಿಯಲ್ಲಿ ಬೇರೆ ಅಂಗಡಿ ಹಾಕುತ್ತೇನೆ, ಬೆಳ್ಳಿಯಲ್ಲಿ ಫಿರೋಜಾ ಕೂಡಿಸಿ ಉಂಗುರ, ಓಲೆ, ಪದಕ ಮಾಡುತ್ತೇನೆ ಎಂದು ಮಾವನಿಗೆ ಹೇಳಿದೆ. ಅವನು ಬಹಳ ಹೊತ್ತು ಅರ ತಿಕ್ಕುತ್ತಲೇ ಇದ್ದ.

"ಮುಂದಿನ ಮಾನೌಮಿ ಹಬ್ಬದತನಕ ನೋಡು," ಅಂದ. "ಅಷ್ಟ್ರಾಗ ನಿನ್ನ ದುಡಿಮ್ಯಾಗ ಮನಿ ನಡಿಸಿ, ಅಲ್ಲೇ ಆಯುಧ ಪೂಜಿ ಮಾಡಿದಿ ಅಂದ್ರ ಅದು ನಿನ್ನ ಅಂಗಡಿ. ನಾ ಏನೂ ಅನ್ನಂಗಿಲ್ಲ. ಇಲ್ಲಾಂದ್ರ ಸಾಮಾನ ಕಟ್ಕೊಂಡು ಬಂದು ಇಲ್ಲೇ ಪೂಜಿಗೆ ಇಡು. ಆಮ್ಯಾಲ ಕಲ್ಲಿನ ಮಾತು ತೆಗೀಬಾರ್ದು."

"ಆತ್ರಿ ಮಾಮಾ."

"ನಿನ್ನ ಅಡಿಗಲ್ಲು ಇಲ್ಲೇ ಇರ್ತದ. ಅದರ ಮುಂದ ಯಾರನ್ನೂ ಕೂಡ್ರಸಂಗಿಲ್ಲ."

ಅದು ಪ್ರೀತಿಯ ಮಾತೋ, ನೀನು ಬಂದೇ ಬರುತ್ತೀ ಎಂಬ ಮಾತೋ ನನಗೆ ಗೊತ್ತಾಗಲಿಲ್ಲ. ಹೆಂಡತಿಯನ್ನು ಕೇಳಿದರೆ, "ನಮ್ಮಪ್ಪ ಹಂಗ, ಎರಡೂ ಒಂದ ಸಲಕ್ಕ ಅಂತಾನ," ಅಂದಳು.

ಮಸ್ಕಿಯಲ್ಲಿ ಬಸ್ಸು ನಿಲ್ಲುವ ಕಡೆ ರಸ್ತೆಗೆ ಬಾಗಿಲಿರುವ ಒಂದು ಕೋಣೆ ಸಿಕ್ಕಿತು. ಮುಂದೆ ಅಂಗಡಿ, ಹಿಂದೆ ಪರದೆ ಕಟ್ಟಿ ಮನೆ. ಕೂತಲ್ಲಿಂದ ಗುಡ್ಡ ಕಾಣುತ್ತಿತ್ತು. ಮುದಗಲ್, ಲಿಂಗಸುಗೂರು, ಮಸ್ಕಿ, ಸಿಂಧನೂರು ಎಲ್ಲ ಒಂದೇ ದಾರಿಯ ಮೇಲಿನ ಊರುಗಳು. ಬಸ್ಸಿನಿಂದ ಇಳಿದವರು ಇನ್ನೊಂದು ಬಸ್ಸು ಬರುವವರೆಗೆ ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂಡುತ್ತಿದ್ದರು. ವಾರಕ್ಕೊಮ್ಮೆ ನಾನೇ ತಗಡಿನ ಪೆಟ್ಟಿಗೆ ಹಿಡಿದು ಸಿಂಧನೂರಿಗೆ ಹೋಗಿ ಮಾಲು ತೋರಿಸಿ ಬರುತ್ತಿದ್ದೆ.

ಫಿರೋಜಾದ ಕೆಲಸದಲ್ಲಿ ಮಾವನ ಅಂಗಡಿಯ ಕ್ರಮ ತಲೆಕೆಳಗಾಯಿತು. ಬೆಂಕಿಯ ಕೆಲಸ, ಹುಳಿಯ ಕೆಲಸ, ನೊರೆಯ ಕೆಲಸ ಎಲ್ಲವನ್ನೂ ಮೊದಲು ಮುಗಿಸಬೇಕು. ಬೆಳ್ಳಿ ಥಳಥಳ ಹೊಳೆದು, ಒಣಗಿ, ತಣ್ಣಗಾದ ಮೇಲೆ ಕೊನೆಗೆ ಹರಳು. ಅದರ ಸುತ್ತ ತೆಳು ಬೆಳ್ಳಿಯ ಗೋಡೆ ಕಟ್ಟಿರುತ್ತೇನಲ್ಲ, ಆ ಗೋಡೆಯನ್ನು ಉಕ್ಕಿನ ಕಡ್ಡಿಯಿಂದ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಒಳಕ್ಕೆ ಮಣಿಸಬೇಕು. ಜೋರಾದರೆ ಕಲ್ಲು ಸಿಡಿಯುತ್ತದೆ, ಸಡಿಲಾದರೆ ಬೀಳುತ್ತದೆ. ಕೈ ನನ್ನನ್ನು ಕೇಳಿಯೇ ಕೆಲಸ ಮಾಡುವ ಕೆಲಸ ಅದು. ಆ ಕೋಣೆಯಲ್ಲಿ ಕೂತು ಮಾಡಿದಷ್ಟು ಮನಸ್ಸಿಟ್ಟು ನಾನು ಬೇರೆಲ್ಲೂ ಮಾಡಲಿಲ್ಲ.

ಮಾಲು ಹೋಗತೊಡಗಿತು. ವರ್ಗವಾಗಿ ಬಂದ ನೌಕರರ ಹೆಂಡಂದಿರು ಓಲೆ ಕೊಂಡರು, ಸಾಹೇಬರ ಕಡೆಯವರು ಉಂಗುರ ಕೊಂಡರು, ಮಸ್ಕಿಯ ಒಕ್ಕಲುತನದ ಮನೆಯವರೂ ಸೊಸೆಗೆಂದು, ಮಗಳಿಗೆಂದು ಒಂದೊಂದು ಮಾಡಿಸಿದರು. ಪ್ರತಿಯೊಬ್ಬರಿಗೂ ಕೊಡುವ ಮೊದಲು ಒಂದೇ ಮಾತು ಹೇಳುತ್ತಿದ್ದೆ. ಎಣ್ಣೆ ಬೇಡ, ಅರಿಷಿಣ ಬೇಡ, ಸಾಬೂನು ಬೇಡ. ಅವರು ತಲೆಯಾಡಿಸುತ್ತಿದ್ದರು. ತಲೆಯಾಡಿಸಿದ ಮೇಲೆ ಕೇಳಿದ್ದಾರೆ ಅಂತಲೇ ನನ್ನ ಲೆಕ್ಕ.

ಮೊದಲು ವಾಪಸ್ ಬಂದದ್ದು ಮಸ್ಕಿಯ ಒಬ್ಬ ಅತ್ತೆ. ಸೊಸೆಗೆ ಮಾಡಿಸಿದ್ದ ಉಂಗುರವನ್ನು ಅಂಗಡಿಯ ಹೊಸ ಅಡಿಗಲ್ಲಿನ ಮೇಲೆ ಟಣ್ ಅಂತ ಇಟ್ಟಳು.

"ಏನ್ ಪತ್ತಾರಪ್ಪಾ, ನೀಲಿ ಅಂತ ಕೊಟ್ಟಿ. ನೋಡಿಲ್ಲಿ, ಕರಿಬೇವಿನ ಎಲಿ ಆಗೈತಿ."

"ಎಣ್ಣಿ ಹಚ್ಚೀರೇನ್ರಿ?"

"ಉಂಗುರಕ್ಕ ಯಾಕ ಎಣ್ಣಿ ಹಚ್ಚಲಿ, ಅದೇನ್ ತಲೀ ಕೂದ್ಲಾ?"

"ಅರಿಷಿಣ?"

"ಅರಿಷಿಣ ಹಚ್ಚದ ಹೊಸಾ ಸಾಮಾನ ಯಾರ್ ಮೈಮ್ಯಾಲ ಹಾಕ್ಕೊಂತಾರ? ದೇವರ ಮುಂದಿಟ್ಟು, ಅರಿಷಿಣ ಕುಂಕುಮ ಹಚ್ಚಿ, ಹಾಲಾಗ ಎದ್ದಿ, ಆಮ್ಯಾಲ ಸೊಸಿ ಬೆರಳಿಗೆ ಹಾಕೀನಿ."

"ಹಚ್ಚಬ್ಯಾಡ್ರಿ ಅಂತ ಹೇಳಿದ್ದೆನಲ್ರಿ."

"ನೀ ನನಗ ಹೇಳ್ದಿ. ದೇವರಿಗೆ ಯಾರ್ ಹೇಳೋರು?"

ನಾನು ಉಂಗುರ ತಿರುಗಿಸಿ ತೋರಿಸಿದೆ. ಹಚ್ಚಲೇಬೇಕಿದ್ದರೆ ಹಿಂದಿನ ಬೆಳ್ಳಿಗೆ ಹಚ್ಚಿ, ಕಲ್ಲಿಗೆ ಬೇಡ ಅಂದೆ. ಆಕೆ ನನ್ನನ್ನು ಕರುಣೆಯಿಂದ ನೋಡಿದಳು. "ಹಿಂದ ಹಚ್ಚಿದ್ರ ದೇವರಿಗೆ ಬೆನ್ನು ತೋರಿಸಿದಂಗ ಆಗಂಗಿಲ್ಲೇನು?" ಅಂದಳು. ಪರದೆಯ ಹಿಂದೆ ನನ್ನ ಹೆಂಡತಿ ನಕ್ಕದ್ದು ಕೇಳಿಸಿತು.

ಆಮೇಲೆ ಒಬ್ಬರ ಹಿಂದೆ ಒಬ್ಬರು. ಯಾರೂ ಎಣ್ಣೆ ಹಚ್ಚಿರುವುದಿಲ್ಲ. ಬರೀ ತಲೆಗೆ ಎಣ್ಣೆ ಒತ್ತಿಕೊಳ್ಳುವಾಗ ಉಂಗುರ ಕೈಯಲ್ಲೇ ಇತ್ತು. ಯಾರೂ ಸಾಬೂನು ಹಚ್ಚಿರುವುದಿಲ್ಲ. ಬರೀ ಬಟ್ಟೆ ಒಗೆದರು. ಸಿಂಧನೂರಿನ ಹತ್ತಿರ ಬಂಗಾಳಿ ನಿರಾಶ್ರಿತರಿಗೆ ಕಟ್ಟಿಕೊಟ್ಟ ಆರ್.ಎಚ್. ಕ್ಯಾಂಪಿನ ಹೆಣ್ಣುಮಗಳೊಬ್ಬಳು ಒಂದು ಜೊತೆ ಓಲೆ ಒಯ್ದಿದ್ದಳು. ಅವರ ಮಂದಿ ಸ್ನಾನಕ್ಕೆ ಮೊದಲು ಸಾಸಿವೆ ಎಣ್ಣೆ ಹಚ್ಚಿಕೊಳ್ಳುತ್ತಾರೆ, ಕಿವಿಗೂ ಸೇರಿಸಿ. ಆಕೆಯ ಓಲೆ ಎಲ್ಲರದ್ದಕ್ಕಿಂತ ಬೇಗ ಹಸಿರಾಯಿತು. ಇನ್ನು ಸಿಂಧನೂರಿನ ಒಬ್ಬರು ಉಂಗುರ ಸಡಿಲಾಯಿತೆಂದು ಅಲ್ಲಿಯ ಪತ್ತಾರನ ಹತ್ತಿರ ಒಯ್ದರು. ಅವನು ಹರಳನ್ನು ತೆಗೆಯದೆ ಊದಿದ. ಹೋಳುಗಳನ್ನು ಕಾಗದದಲ್ಲಿ ಕಟ್ಟಿಕೊಂಡು ಬಂದು ನನ್ನ ಮುಂದೆ ಬಿಚ್ಚಿದರು, ನಾನೇ ಒಡೆದೆನೋ ಎಂಬ ಹಾಗೆ.

ಎಲ್ಲರದ್ದೂ ಒಂದೇ ಮಾತು. ಕಲ್ಲು ಖೋಟಾ, ಬಣ್ಣ ಹಚ್ಚಿ ಕೊಟ್ಟಿದ್ದೀ. ನನಗೆ ನಷ್ಟಕ್ಕಿಂತ ಆ ಮಾತು ಹೆಚ್ಚು ಚುಚ್ಚುತ್ತಿತ್ತು. ಖರೆ ಕಲ್ಲಾದ್ದರಿಂದಲೇ ಹಸಿರಾಯಿತು, ಬಣ್ಣ ಹಚ್ಚಿದ ಗಾಜಾಗಿದ್ದರೆ ಎಣ್ಣೆ ಹೀರುತ್ತಲೇ ಇರಲಿಲ್ಲ ಎಂದು ಹೇಳಿದರೆ, "ಹಂಗಾದ್ರ ಗಾಜೇ ಚಲೋ ಇತ್ತಲ್ಲಪಾ," ಅನ್ನುತ್ತಿದ್ದರು.

ಬೇಸಗೆಯ ಒಂದು ದಿನ ಮುದಗಲ್ಲಿನ ಸಾಹೇಬರು ಸಿಂಧನೂರಿಗೆ ಹೊರಟವರು ಮಸ್ಕಿಯಲ್ಲಿ ಇಳಿದು ಅಂಗಡಿಗೆ ಬಂದರು. ಅದೇ ಹೊತ್ತಿಗೆ ಕರಿಬೇವಿನ ಅತ್ತೆ ಮತ್ತೆ ಉಂಗುರ ಹಿಡಿದು ಜಗಳಕ್ಕೆ ಬಂದಿದ್ದಳು. ಬಸ್ಸಿಗೆ ಕಾಯುವವರೆಲ್ಲ ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದರು. ಸಾಹೇಬರು ಆಕೆಯ ಕೈಯಿಂದ ಉಂಗುರ ಇಸಿದುಕೊಂಡು ಬೆಳಕಿಗೆ ಹಿಡಿದರು.

"ಇದು ಕೆಟ್ಟಿಲ್ಲಮ್ಮಾ," ಅಂದರು. "ನಿಮ್ಮ ಮನಿಗೆ ಬರೋ ಬಲಾ, ಪೀಡಾ ಎಲ್ಲಾ ಇದು ತನ್ನ ಮ್ಯಾಲ ತಗೊಂಡದ. ಅದಕ್ಕ ಬಣ್ಣ ಬದಲಾಗ್ಯದ. ಅಸಲಿ ಫಿರೋಜಾ ಮಾತ್ರ ಹಿಂಗ ಮಾಡ್ತದ. ನಕಲಿ ಮಾಡಂಗಿಲ್ಲ."

ನನ್ನನ್ನು ಪಾರು ಮಾಡಲೆಂದೇ ಅವರು ಅದನ್ನು ಹೇಳಿದ್ದು, ಹೌದು. ಅವರು ಹಾಗೆ ನಂಬಿಯೂ ಇದ್ದರು. ನಾನು ಸುಮ್ಮನಿರಬೇಕಿತ್ತು ಎಂದು ನನ್ನ ಹೆಂಡತಿ ಸಾಯುವವರೆಗೂ ಹೇಳಿದಳು. ನನಗೆ ಸುಮ್ಮನಿರಲು ಆಗಲಿಲ್ಲ.

"ಸಾಹೇಬ್ರ, ಅದು ಅರಿಷಿಣರಿ."

ಅವರು ನಕ್ಕು ನನ್ನ ಹೆಗಲು ತಟ್ಟಿದರು. "ಅರಿಷಿಣ ಒಂದು ಬಹಾನಾ, ಬೇಟಾ. ಬರೀ ನೆಪ."

ಅತ್ತೆ ಯೋಚನೆಗೆ ಬಿದ್ದಳು. ಹಿಂದಿನ ತಿಂಗಳು ಅವರ ಎಮ್ಮೆ ಈಯುವಾಗ ಕರು ಅಡ್ಡ ತಿರುಗಿ, ಸತ್ತೇ ಹೋಯಿತು ಅಂದದ್ದು ಉಳಿದಿತ್ತಂತೆ. ಅದನ್ನು ಕಟ್ಟೆಯ ಮೇಲಿದ್ದವರಿಗೆಲ್ಲ ಹೇಳಿ, ಉಂಗುರವನ್ನು ಕಣ್ಣಿಗೊತ್ತಿಕೊಂಡು ಸೊಸೆಯದ್ದನ್ನು ತನ್ನ ಬೆರಳಿಗೇ ಹಾಕಿಕೊಂಡಳು. ಜಗಳ ಅಲ್ಲಿಗೆ ಮುಗಿಯಿತು. ಬಸ್ಸು ಬಂತು. ಕೂತವರೆಲ್ಲ ಹತ್ತಿದರು, ಮಾತೂ ಅವರ ಜೊತೆ ಹತ್ತಿತು.

ತಿಂಗಳೊಪ್ಪತ್ತಿನಲ್ಲಿ ಸಿಂಧನೂರಿನಿಂದಲೂ ಜನ ಬರತೊಡಗಿದರು. ಯಾರೂ ಓಲೆ ಕೇಳುವುದಿಲ್ಲ, ಪದಕ ಕೇಳುವುದಿಲ್ಲ. ನಾನು ತಂತಿ ಹೆಣೆದು ಮಾಡಿದ ಅಂಚನ್ನು ನೋಡುವುದಿಲ್ಲ. ಕೇಳುವುದು ಒಂದೇ.

"ಇದು ಬಲಾ ತಗೊಳ್ತದೇನ್ರಿ?"

"ಇಲ್ರಿ. ಇದು ಎಣ್ಣಿ ತಗೊಳ್ತದ."

ಅರ್ಧ ಜನ ಅಲ್ಲಿಗೇ ಎದ್ದು ಹೋಗುತ್ತಿದ್ದರು. ಉಳಿದರ್ಧ ಜನ ನನ್ನನ್ನು ಬಹಳ ವಿನಯದ ಮನುಷ್ಯ ಅಂದುಕೊಂಡು ಕೊಳ್ಳುತ್ತಿದ್ದರು. ಒಂದು ದಿನ ರೇಗಿಹೋಗಿ, ಒಡೆದ ಫಿರೋಜಾದ ಹೋಳೊಂದನ್ನು ಬಟ್ಟಲಲ್ಲಿಟ್ಟು ಎಲ್ಲರೆದುರು ಕುಸುಬಿ ಎಣ್ಣೆ ಸುರಿದೆ. ಅದನ್ನು ಕಟ್ಟೆಯ ಮೇಲೇ ಇಟ್ಟು, ದಿನಾ ಬಂದು ನೋಡಿ ಅಂದೆ. ಬಂದರು, ನೋಡಿದರು. ಅದು ಹಸಿರಾಯಿತು. "ನೋಡ್ರಿ," ಅಂದೆ.

ಒಬ್ಬ ಮುದುಕ ಬಟ್ಟಲೊಳಗೆ ಬಗ್ಗಿ ನೋಡಿ, "ಪತ್ತಾರನ ಬಲಾ ಹೋತು ನೋಡು," ಅಂದ. ಎಲ್ಲರೂ ಹೌದೌದು ಅಂದರು.

ಆ ದಿನ ಊಟಕ್ಕೆ ಕೂತಾಗ ಹೆಂಡತಿ ಹೇಳಿದಳು: "ಅವ್ರಿಗೆ ಹಸರು ಬೇಕು, ನಿಮಗ ನೀಲಿ ಬೇಕು. ಹಾಕ್ಕೊಳ್ಳೋರು ಅವ್ರು. ನಿಮಗ್ಯಾಕ್ರಿ?"

"ಖೊಟ್ಟಿ ಮಾತು ಹೇಳಿ ಮಾರ್ಲೇನು?"

"ಹೇಳಂತ ಯಾರಂದ್ರು? ಕೇಳಿದಾಗ ಕೆಮ್ಮಿದ್ರ ಸಾಕು. ಮಾನೌಮಿ ಹತ್ರ ಬಂತು."

ಮಾನೌಮಿ ಹತ್ತಿರ ಬಂದದ್ದು ನನಗೂ ಗೊತ್ತಿತ್ತು. ಬಾಡಿಗೆ, ಬೆಳ್ಳಿ, ಹರಳು ಎಲ್ಲ ಹೇಗೋ ಸರಿದೂಗುತ್ತಿತ್ತು, ಆದರೆ ಕೈಯಲ್ಲಿ ಮುಂದಿನ ಕೆಲಸವೇ ಇರಲಿಲ್ಲ. ಒಂದು ದೊಡ್ಡ ಕೆಲಸ ಬಂದರೆ ಆಯುಧ ಪೂಜೆ ಮಸ್ಕಿಯಲ್ಲಿ, ಬರದಿದ್ದರೆ ಲಿಂಗಸುಗೂರಿನಲ್ಲಿ.

ಆ ದೊಡ್ಡ ಕೆಲಸದ ಆಸೆ ಹುಟ್ಟಿಸಿದ್ದು ಸಿಂಧನೂರಿನ ಖಾನಾವಳಿಯ ಅಕ್ಕ. ರೈಸ್‌ಮಿಲ್ಲುಗಳ ಕಡೆ ಹೋಗುವ ರಸ್ತೆಯಲ್ಲಿ ಆಕೆಯ ಖಾನಾವಳಿ. ಮಿಲ್ಲಿನ ಗುಮಾಸ್ತರು, ಹಮಾಲರು, ಲಾರಿಯವರು ಎಲ್ಲ ಅಲ್ಲೇ ಉಣ್ಣುತ್ತಿದ್ದರು, ನಾನೂ ಸಿಂಧನೂರಿಗೆ ಹೋದಾಗ ಅಲ್ಲೇ. ಆಕೆ ರೊಟ್ಟಿ ತಟ್ಟುವುದನ್ನು ನೋಡುತ್ತಾ ಕೂಡುವುದು ನನಗೊಂದು ಸಮಾಧಾನ. ಹಿಟ್ಟು ಎಡಕ್ಕೆ, ನೀರು ಬಲಕ್ಕೆ, ಹಂಚು ಎದುರಿಗೆ. ಒಂದು ರೊಟ್ಟಿ ಹಂಚಿನ ಮೇಲೆ ಉಬ್ಬುವಾಗ ಇನ್ನೊಂದು ಕೈಯಡಿ ಮುಗಿದಿರುತ್ತಿತ್ತು. ಮಗಳ ಮದುವೆ ಗೊತ್ತಾಗಿತ್ತು. ನನ್ನ ಪೆಟ್ಟಿಗೆಯಲ್ಲಿದ್ದ ಪದಕ, ಓಲೆ, ಬಳೆಗಳನ್ನು ನೋಡಿ ಆಕೆಗೆ ಮನಸ್ಸಾಯಿತು.

"ಮೊದಲ ಒಂದು ಉಂಗುರ ಕೊಡು. ನಾ ಹಾಕ್ಕೊಂಡು ನೋಡ್ತೀನಿ. ಪಸಂದ ಬಂತಂದ್ರ ಮಗಳಿಗೆ ಪದಕ, ಓಲಿ, ಬಳಿ, ಪೂರಾ ಜೋಡಿ ನಿಂದ."

ನಾನು ನನ್ನ ಪಾಠ ಒಪ್ಪಿಸಿದೆ. ಎಣ್ಣೆ, ಅರಿಷಿಣ, ಸಾಬೂನು. ಆಕೆ ತಲೆಯಾಡಿಸಲಿಲ್ಲ. "ರೊಟ್ಟಿ ಹಿಟ್ಟು ನಡೀತದೇನು?" ಅಂತ ಕೇಳಿದಳು. ಹಾಗೆ ಕೇಳಿದವರೇ ಇರಲಿಲ್ಲ. ಹಿಟ್ಟೂ ಬೇಡ ಅಂದೆ. ಮುಂದಿನ ವಾರ ಹೋದಾಗ ನೋಡುತ್ತೇನೆ, ಒಲೆಯಿಂದ ದೂರ, ಗೋಡೆಯ ಗೂಡಿನಲ್ಲಿ ಒಂದು ನಶ್ಯದ ಡಬ್ಬಿ, ಒಳಗೆ ಅರಳೆ, ಅರಳೆಯ ಮೇಲೆ ಉಂಗುರ. ಕೆಲಸಕ್ಕೆ ಕೂಡುವ ಮೊದಲು ತೆಗೆದಿಡುತ್ತಾಳೆ, ಕೆಲಸ ಮುಗಿಸಿ ಕೈ ತೊಳೆದು ಒರೆಸಿ ಹಾಕಿಕೊಳ್ಳುತ್ತಾಳೆ. ದೇವರ ಮುಂದೆ ಇಟ್ಟದ್ದೂ ಹೌದಂತೆ, ಆದರೆ ಅರಿಷಿಣವನ್ನು ಡಬ್ಬಿಗೆ ಹಚ್ಚಿದಳಂತೆ.

ನನಗೆ ಅವತ್ತು ಆದ ಖುಷಿಗೆ ಒಂದು ರೊಟ್ಟಿ ಹೆಚ್ಚೇ ಉಂಡೆ. ಮೂರು ಊರಿನಲ್ಲಿ ಕೊನೆಗೂ ಒಬ್ಬರು ಹೇಳಿದ್ದನ್ನು ಕೇಳಿದ್ದರು. ಮಸ್ಕಿಗೆ ಬಂದವನೇ ಮದುವೆ ಜೋಡಿಯ ಹರಳುಗಳನ್ನು ಒಂದೇ ಬಣ್ಣ ನೋಡಿ ಆರಿಸಿ ಬೇರೆ ಇಟ್ಟೆ. ಹೆಂಡತಿಗೆ, "ಮಾನೌಮಿ ಇಲ್ಲೇ," ಅಂದೆ.

ಮಾನೌಮಿಗೆ ಮೊದಲಿನ ವಾರ ಖಾನಾವಳಿಗೆ ಹೋದರೆ ಅಕ್ಕ ಮಣೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಕಾಲಿಗೆ ಬಟ್ಟೆ ಕಟ್ಟಿತ್ತು. ಅನ್ನದ ಗಂಜಿ ಬಸಿಯುವಾಗ ಚೆಲ್ಲಿ ಪಾದ ಸುಟ್ಟಿತ್ತು. ಎದುರಿಗೆ ನಶ್ಯದ ಡಬ್ಬಿ.

"ತಗೋ ನಿನ್ನ ಕಲ್ಲು," ಅಂದಳು.

ತೆರೆದು ನೋಡಿದೆ. ನಾನು ಕೊಟ್ಟ ದಿನ ಹೇಗಿತ್ತೋ ಹಾಗೇ ಇತ್ತು. ಅಷ್ಟು ಚೊಕ್ಕಟವಾಗಿ ಉಳಿದ ನನ್ನ ಕೈಯ ಉಂಗುರವನ್ನು ನಾನು ನೋಡೇ ಇರಲಿಲ್ಲ.

"ಏನಾಗ್ಯದ್ರಿ ಅಕ್ಕಾರ? ಚಲೋ ಐತಲ್ಲ."

"ಅದ ಹೇಳಾಕತ್ತೀನಿ. ಏನೂ ಆಗಿಲ್ಲ. ಊರಾಗ ಎಲ್ಲಾರ ಕಲ್ಲು ಹಸರ ಆಗ್ಯಾವ. ನಂದು ಸುಮ್ನ ಕುಂತೈತಿ. ನನ್ನ ಕಾಲು ಸುಟ್ಟಿತು, ಅದು ಮಿಸುಕಾಡಿಲ್ಲ. ಖೋಟಾ ಐತಿ."

ಉಣ್ಣುತ್ತಿದ್ದವರು ಕೈ ನಿಲ್ಲಿಸಿದರು. ನಾನು ಡಬ್ಬಿ ಹಿಡಿದು ನಿಂತು, ಇದು ಖರೆ ಫಿರೋಜಾ, ನಾನು ಹೇಳಿದ ಹಾಗೆ ನೀವು ಜೋಪಾನ ಮಾಡಿದ್ದಕ್ಕೇ ನೀಲಿ ಉಳಿದಿದೆ, ಉಳಿದವರದ್ದು ಕೆಟ್ಟದ್ದು, ನಿಮ್ಮದು ಕೆಡಲಿಲ್ಲ ಎಂದೆಲ್ಲ ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡಳು.

"ಖರೇ ಐತಂತಿ?"

"ಖರೇ ಐತ್ರಿ."

"ಹಂಗಾದ್ರ ತಪ್ಪು ನಿನ್ನ ಮಾತಿಂದು. ಕೆಲಸದಾಗ ತೆಗೆದಿಡು ಅಂದಿ. ಗಂಜಿ ಚೆಲ್ಲಿದಾಗ ಇದು ಗೂಡಿನ್ಯಾಗ ಅರಳಿ ಮ್ಯಾಲ ಮಲಗಿತ್ತು. ಬೆರಳಾಗ ಇದ್ದಿದ್ರ ಆ ಬಲಾ ತಾನು ತಗೊಂತಿತ್ತಿಲ್ಲ?"

ಒಬ್ಬ ಹಮಾಲ ಗಂಟಲಿಗೆ ಅನ್ನ ಸಿಕ್ಕಿಸಿಕೊಂಡು ನಕ್ಕ. ಗುಮಾಸ್ತರೊಬ್ಬರು, "ಅಕ್ಕ ಹೇಳೋದು ಬರೋಬರಿ ಐತಿ, ಮಿಲಿಟ್ರಿಯವ್ನ ಬಂದೂಕ ಮನ್ಯಾಗ ಇಟ್ರ ಏನ್ ಬಂತು," ಅಂದರು. ನಾನು ಯಾವ ಕಡೆ ತಿರುಗಿದರೂ ಗೋಡೆ. ಕಲ್ಲು ಖೋಟಾ ಅಂದರೂ ನನ್ನ ತಪ್ಪು, ಖರೆ ಅಂದರೂ ನನ್ನ ತಪ್ಪು.

ಅಕ್ಕ ಕೆಟ್ಟವಳಲ್ಲ. ದನಿ ಇಳಿಸಿ ದಾರಿ ತೋರಿಸಿದಳು. "ಆತು ಬಿಡು ತಮ್ಮಾ. ನೀನ ಅಂತಿ ಎಣ್ಣಿ ಹಚ್ಚಿದ್ರ ಹಸರ ಆಗ್ತದಂತ. ಅಲ್ಲೈತಿ ಎಣ್ಣಿ. ಹಚ್ಚು. ನಾಳಿಗೆ ಹಸರ ಆತಂದ್ರ ನಾ ಒಪ್ಕೊಂತೀನಿ. ಮಗಳ ಜೋಡಿ ನಿನಗ."

ಎಣ್ಣೆಯ ಗಿಂಡಿ ಒಂದು ಮೊಳ ದೂರದಲ್ಲಿತ್ತು. ಒಂದು ಹನಿ ಸಾಕಿತ್ತು. ಆ ಹನಿಯಲ್ಲಿ ಮಸ್ಕಿಯ ಕೋಣೆ, ಕಟ್ಟೆ, ಕೂತಲ್ಲಿಂದ ಕಾಣುವ ಗುಡ್ಡ, ಎಲ್ಲ ಇತ್ತು. ನನ್ನ ಹೆಂಡತಿ ಅಲ್ಲಿದ್ದಿದ್ದರೆ ಕೆಮ್ಮುತ್ತಾ ಹಚ್ಚಿಬಿಡುತ್ತಿದ್ದಳು. ನಾನು ಹರಳಿನ ಅಂಚು ನೋಡಿದೆ. ಇಡೀ ವರ್ಷದಲ್ಲಿ ನಾನು ಮಾಡಿದ್ದರಲ್ಲಿ ಅದೊಂದೇ ನಾನು ಮಾಡಿದ ಹಾಗೆ ಉಳಿದದ್ದು.

"ಹಚ್ಚಂಗಿಲ್ರಿ ಅಕ್ಕಾರ," ಅಂದೆ. ಉಂಗುರ ವಾಪಸ್ ತೆಗೆದುಕೊಂಡೆ. ಡಬ್ಬಿಯನ್ನು ಆಕೆ ಇಟ್ಟುಕೊಂಡಳು.

ಬಸ್ಸಿನಲ್ಲಿ ನನಗಿಂತ ಮೊದಲೇ ಸುದ್ದಿ ಮಸ್ಕಿ ಮುಟ್ಟಿತ್ತು. ಮಸ್ಕಿ ಪತ್ತಾರನ ಕಲ್ಲು ಬಲಾ ತಗೊಳ್ಳುವುದಿಲ್ಲವಂತೆ. ಕಟ್ಟೆಯ ಮೇಲೆ ಜನ ಕೂಡುವುದು ನಿಲ್ಲಲಿಲ್ಲ, ಅದು ಬಸ್ಸಿಗೆ ಕಾಯುವ ಜಾಗ. ಒಳಗೆ ಬರುವುದು ನಿಂತಿತು.

ಮಾನೌಮಿಗೆ ಎರಡು ದಿನ ಇರುವಾಗ ಮಾವ ಬಸ್ಸಿನ ಕಂಡಕ್ಟರನ ಕೈಯಲ್ಲಿ ಹೇಳಿ ಕಳಿಸಿದ. ಸಾಮಾನು ತಗೊಂಡು ಬಾ, ಹರಳೂ ತಗೊಂಡು ಬಾ. ಹರಳು ಏಕೆ ಎಂದು ತಿಳಿಯಲಿಲ್ಲ. ಪೆಟ್ಟಿಗೆ ಕಟ್ಟಿಕೊಂಡು ಲಿಂಗಸುಗೂರಿಗೆ ಹೋದೆವು. ಅಂಗಡಿಯಲ್ಲಿ ನನ್ನ ಅಡಿಗಲ್ಲು ಇದ್ದಲ್ಲೇ ಇತ್ತು. ಮೇಲೆ ಕೈಯಾಡಿಸಿದೆ, ಧೂಳಿರಲಿಲ್ಲ.

ಮಾವನ ಮುಂದೆ ಬೆಳ್ಳಿಯ ಪದಕ, ಓಲೆ, ಬಳೆಗಳು ಇದ್ದವು. ಹರಳಿನ ಮನೆಗಳೆಲ್ಲ ಖಾಲಿ.

"ಸಿಂಧನೂರ ಖಾನಾವಳಿ ಹೆಣ್ಮಗಳು ಬಂದಿದ್ಲು," ಅಂದ. "ಮಗಳ ಮದುವಿಗೆ ಫಿರೋಜಾ ಜೋಡಿ ಬೇಕಂದ್ಲು. ಬಲಾ ತಗೊಳ್ತದೇನು ಅಂತ ಕೇಳಿದ್ಲು."

"ನೀವೇನಂದ್ರಿ ಮಾಮಾ?"

"ನಾ ಎಲ್ಲಿ ಮಾತಾಡ್ಲಿ. ಊದಾಕತ್ತಿದ್ದೆ. ಬಾಯಾಗ ಕೊಳವಿ ಇತ್ತು."

ಅವನು ನಗಲಿಲ್ಲ. ನನಗೂ ನಗು ಬರಲಿಲ್ಲ. ಪರದೆಯ ಆಚೆ ಮಾತ್ರ ತವರಿಗೆ ಬಂದ ನನ್ನ ಹೆಂಡತಿ ನಗುತ್ತಿದ್ದಳು.

"ಬೆಳ್ಳಿ ನನ್ನ ಕೈಯಿಂದು," ಅಂದ ಮಾವ. "ಕಲ್ಲು ನನಗ ಕೂಡಂಗಿಲ್ಲ, ನಿನಗ ಗೊತ್ತದ. ಕೂಡ್ರಸಿ ಕೊಡು. ಕಲ್ಲಿನ ಮಾತು ತೆಗೀಬಾರ್ದು ಅಂದಿದ್ದೆ. ನಾನ ತೆಗ್ದೀನಿ."

ಮಸ್ಕಿಯಲ್ಲಿ ಆರಿಸಿ ಬೇರೆ ಇಟ್ಟಿದ್ದ ಅವೇ ಹರಳುಗಳನ್ನು, ಅದೇ ಹುಡುಗಿಯ ಮದುವೆಗೆ, ಮಾವನ ಬೆಳ್ಳಿಯಲ್ಲಿ, ಮಾವನ ಅಂಗಡಿಯಲ್ಲಿ ಕೂತು ಕೂಡಿಸಿದೆ. ಗೋಡೆಗಳನ್ನು ಅವನು ನನಗಿಂತ ತುಸು ದಪ್ಪ ಇಟ್ಟಿದ್ದ, ಮಣಿಸಲು ಕಷ್ಟವಾಯಿತು. ಮಾನೌಮಿಯ ದಿನ ಆಯುಧಗಳನ್ನೆಲ್ಲ ಮಣೆಯ ಮೇಲೆ ಸಾಲಾಗಿಟ್ಟು ಪೂಜೆ ಮಾಡಿದೆವು. ಮಾವನ ಹೆಂಡತಿ, ನನ್ನ ಅತ್ತೆ, ಅರಿಷಿಣದ ಬಟ್ಟಲು ಹಿಡಿದು ಮುಗಿದ ಜೋಡಿಯ ಕಡೆ ಬಂದಾಗ ನಾನು ಅದನ್ನು ಎತ್ತಿ ಎದೆಗೆ ಹಿಡಿದುಕೊಂಡೆ. ಆಕೆ ಮಾವನ ಮುಖ ನೋಡಿದಳು. ಮಾವ ಮಂತ್ರ ಹೇಳುತ್ತಲೇ ಇದ್ದ.

ಹಬ್ಬದ ಮರುದಿನ ಖಾನಾವಳಿಯ ಅಕ್ಕ ಕುಂಟುತ್ತ ಬಂದಳು. ನನ್ನನ್ನು ಅಲ್ಲಿ ಕಂಡು, "ಇಲ್ಲೂ ನೀನ ಏನು?" ಅಂದಳು. ಜೋಡಿಯನ್ನು ಬಿಳಿ ಬಟ್ಟೆಯ ಮೇಲೆ ಹಾಸಿ ತೋರಿಸಿದೆ. ಒಂದೊಂದೇ ಎತ್ತಿ ನೋಡಿದಳು, ಮುಖ ಅರಳಿತು. ಅಷ್ಟು ಒಪ್ಪವಾದ ನೀಲಿ ಈ ಕಡೆ ಯಾರ ಮದುವೆಯಲ್ಲೂ ಬಂದಿರಲಿಲ್ಲ. ಮಾವ ನನ್ನ ಕಡೆ ಒಮ್ಮೆ ನೋಡಿ ಊದುಗೊಳವೆ ಬಾಯಿಗಿಟ್ಟುಕೊಂಡ. ಒಲೆಯಲ್ಲಿ ಬೆಂಕಿಯೇ ಇರಲಿಲ್ಲ.

"ಅಕ್ಕಾರ," ಅಂದೆ, "ಎಣ್ಣಿ ಹಚ್ಚಬ್ಯಾಡ್ರಿ. ಅರಿಷಿಣ ಹಚ್ಚಬ್ಯಾಡ್ರಿ. ಸಾಬೂನು ಮುಟ್ಟಿಸಬ್ಯಾಡ್ರಿ."

"ಆತೇಳಪ್ಪಾ, ಆತು," ಅಂದಳು. ಹೊರಡುವ ಮುಂಚೆ ತಲೆಗೆ ಹರಳೆಣ್ಣೆ ಒತ್ತಿಕೊಂಡು ಬಂದಿದ್ದಳೆಂದು ಕಾಣುತ್ತದೆ. ಅದೇ ಕೈಯಿಂದ ಹರಳುಗಳನ್ನು ಒಂದೊಂದಾಗಿ ಒರೆಸಿ ಗಂಟು ಕಟ್ಟಿಕೊಂಡಳು.

ಮಸ್ಕಿಯ ಕೋಣೆಯ ಬೀಗವನ್ನು ಆ ತಿಂಗಳೇ ಮಾಲೀಕರಿಗೆ ಕೊಟ್ಟು ಬಂದೆ. ತೊಂಬತ್ತರ ದಶಕದಲ್ಲಿ ಸಂತೆಗಳಿಗೆ ಪ್ಲಾಸ್ಟಿಕ್ಕಿನ ನೀಲಿ ಮಣಿಗಳು ಬಂದವು. ಏನು ಹಚ್ಚಿದರೂ ಅವು ಬಣ್ಣ ಬಿಡುತ್ತಿರಲಿಲ್ಲ. ಜನ ಅವನ್ನು ಸಂತೋಷದಿಂದ ಕೊಂಡರು, ಬಲಾದ ಮಾತನ್ನು ಮರೆತರು. ಮಾವನ ಕೈ ನಡುಗತೊಡಗಿದ ಮೇಲೆ ಆ ಅಂಗಡಿ ನನ್ನದೇ ಆಯಿತು. ಕರಡಿಗೆ, ಕಾಲುಂಗುರ, ಉಡದಾರ.

ಖಾನಾವಳಿಯಿಂದ ವಾಪಸ್ ಬಂದ ಉಂಗುರವನ್ನು ನನ್ನ ಹೆಂಡತಿ ಹಾಕಿಕೊಂಡಳು. ಕೆಲಸಕ್ಕೆ ಕೂಡುವ ಮೊದಲು ತೆಗೆದು ದೇವರ ಗೂಡಿನಲ್ಲಿ ಇಡುತ್ತಿದ್ದಳು. ನನ್ನ ಮೇಲಿನ ಪ್ರೀತಿಗಲ್ಲ, ಇಡದಿದ್ದರೆ ನಾನು ಮಾತು ಶುರು ಮಾಡುತ್ತೇನೆಂಬ ಬೇಸರಕ್ಕೆ. ಆಕೆ ಹೋಗಿ ವರ್ಷಗಳಾದವು. ಉಂಗುರ ಈಗ ನನ್ನ ಮೇಜಿನ ಮೇಲೆ, ಕನ್ನಡಕದ ಪಕ್ಕ ಇರುತ್ತದೆ. ಇನ್ನೂ ನೀಲಿಯಾಗಿಯೇ ಇದೆ. ಮೊನ್ನೆ ಮೊಮ್ಮಗಳು ಅದನ್ನು ಬೆರಳಿಗೆ ಹಾಕಿಕೊಂಡು ನೋಡಿ, "ಚಂದ ಐತಿ ಅಜ್ಜಾ, ನಾ ತಗೊಳ್ಳೇನು?" ಅಂದಳು.

ತಗೋ ಅಂದೆ. ಆಮೇಲೆ ಎಣ್ಣೆಯ ಮಾತು ಶುರು ಮಾಡಿದೆ. ಅವಳು ತಲೆಯಾಡಿಸಿದಳು.